ಕೀರ್ತಿಮುಖವೂ ಮಕರಪ್ರಣಾಲವೂ

ದೇವರ ಮನೆಯ ಪ್ರಭಾವಳಿಯ ನೆತ್ತಿಯನ್ನು ವಾಚಕರು ಒಮ್ಮೆ ದಿಟ್ಟಿಸಿ ನೋಡಬೇಕು. ಹೊರಚಾಚಿದ ಕಣ್ಣು, ಕೋರೆದಾಡೆಗಳುಳ್ಳ ಉಗ್ರಮುಖವೊಂದು ಅಲ್ಲಿ ಕಾಣುವುದುಂಟು. ಇದೇ ಕೀರ್ತಿಮುಖ, ಸಿಂಹಲಲಾಟವೆಂದೂ ಇದಕ್ಕೆ ಹೆಸರು. ಸೌಮ್ಯಮೂರ್ತಿಯ ತಲೆಯ ಮೇಲೆ ಈ ಭಯಂಕರರೂಪವೇಕೆ?

ಶಿವಪುರಾಣವು ಇದಕ್ಕೆ ಉತ್ತರವೀಯುತ್ತದೆ. ಪಾರ್ವತಿಯನ್ನು ತನಗೊಪ್ಪಿಸಬೇಕೆಂದು ಹೇಳಲು ಜಲಂಧರಾಸುರನು ರಾಹುವನ್ನು ದೂತನನ್ನಾಗಿ ಕಳುಹಿಸಿದನು. ಆ ಮಾತು ಕಿವಿಗೆ ಬೀಳುತ್ತಲೇ ಶಿವನ ಭ್ರೂಮಧ್ಯದಿಂದ ಸಿಂಹಮುಖದ ಪುರುಷನೊಬ್ಬನು ಹುಟ್ಟಿ ರಾಹುವನ್ನು ನುಂಗಹೋದನು. ದೂತನು ಅವಧ್ಯನೆಂದು ಶಿವನು ತಡೆಯಲು, ಹಸಿವಿನಿಂದ ಬಳಲುತ್ತಿದ್ದ ಆತನು ಶಿವಾಜ್ಞೆಯಂತೆ ತನ್ನ ಅಂಗಾಂಗಗಳನ್ನೇ ತಿಂದು ಮುಖಮಾತ್ರನಾಗಿ ಉಳಿದನು. ಶಿವನು ಮೆಚ್ಚಿ, ಕೀರ್ತಿಮುಖನೆಂದು ಹೆಸರಿಟ್ಟು, ತನ್ನ ಬಾಗಿಲ ಕಾವಲಿಗೆ ನಿಲ್ಲಿಸಿದನು.

ಫ್ರಾನ್ಸ್ ದೇಶದ ಇಗರ್ಜಿಗಳ ಮೇಲೆಯೂ ಇಂಥ ವಿಕಾರಮುಖಗಳುಂಟು. ಅವುಗಳಿಗೆ ಗಾರ್ಗಾಯ್ಲ್ ಎನ್ನುವರು. ಗಂಟಲು ಎಂಬರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದ ಹೆಸರದು. ರುಆನ್ ಪಟ್ಟಣದಲ್ಲಿ ಸಂತ ರೊಮಾನನು ಸೆರೆಹಿಡಿದ ಘಟಸರ್ಪವನ್ನು ಸುಟ್ಟಾಗ, ಬೆಂಕಿಯುಗುಳಿ ಪಳಗಿದ್ದ ಅದರ ತಲೆ ಮಾತ್ರ ಸುಡದೆ ಉಳಿಯಿತೆಂದೂ, ಅದನ್ನು ಗೋಡೆಗೇರಿಸಿದರೆಂದೂ ಐತಿಹ್ಯ. ಅವುಗಳ ನಿತ್ಯದ ಉದ್ಯೋಗವಾದರೋ, ಮಾಡಿನ ಮಳೆನೀರನ್ನು ದೂರಕ್ಕೆ ಉಗುಳಿ ಗೋಡೆಯ ಗಾರೆಯನ್ನು ಕಾಯುವುದು.

ಅಲ್ಲಿ ಒಂದೇ ಮುಖವು ಮಾಡುವ ಈ ಎರಡು ಕೆಲಸಗಳನ್ನು ನಮ್ಮ ಶಿಲ್ಪಿಗಳು ಇಬ್ಬರಿಗೆ ಹಂಚಿದರು. ಕಾವಲು ಕೀರ್ತಿಮುಖಕ್ಕೆ, ನೀರು ಮಕರಕ್ಕೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು ಮೊದಲಾದುವು ಕೂಡಿದ ಮಕರವು ವರುಣನಿಗೂ ಗಂಗೆಗೂ ವಾಹನ. ಆದಕಾರಣ ಗರ್ಭಗುಡಿಯ ಅಭಿಷೇಕಜಲವನ್ನು ಹೊರಬಿಡುವ ಪ್ರಣಾಲಕ್ಕೆ, ಕೆಲವೆಡೆ ಗೋಮುಖದಂತೆ, ಮಕರಮುಖವನ್ನೂ ಕೆತ್ತುವುದು ರೂಢಿ. ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನಲ್ಲಿ ಸುಮಾರು 1250ರ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ತಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಪಟ್ಟಿಕೆಗಳ ಮೇಲೆ ಮಕರಗಳ ಸಾಲು, ಅದರ ಮೇಲೆ ಹಂಸಗಳ ಸಾಲು. ಬಳಪದ ಕಲ್ಲಿನ ಈ ನವುರು ಕೆತ್ತನೆಯ ಮೇಲೆ ಮಳೆ ಸುರಿಯದಂತೆ ಚಾಚಿದ ಸೂರು ಅಡ್ಡನಿಂತಿದೆ. ಅಂದವನ್ನು ಕಡೆದವರು ನೀರಿನ ದಾರಿಯನ್ನು ಮರೆಯಲಿಲ್ಲ.

ಮರೆತವರು ನಾವು. ಮನೆ ಕಟ್ಟಿಸಿದಾಗ ಬಾಗಿಲ ಮೇಲೆ ದೃಷ್ಟಿಗೊಂಬೆಯನ್ನು ಶ್ರದ್ಧೆಯಿಂದ ತೂಗುಹಾಕಿದೆವು. ಮಾಳಿಗೆಯ ನೀರಿನ ಕೊಳವೆ ಹೊಂಗೆಯ ಎಲೆಯಿಂದ ಕಟ್ಟಿಕೊಂಡುದನ್ನು ಎರಡು ಮಳೆಗಾಲ ನೋಡಲೇ ಇಲ್ಲ. ದೇವರ ಮನೆಯ ಗೋಡೆ ನೆನೆದು, ಪ್ರಭಾವಳಿಯ ಹಿಂದಿನ ಗಾರೆ ಕಳಚಿಬಿದ್ದಿತು. ಗಾರೆಯವನು ಬಂದು, ಹಿಡಿ ಎಲೆ ತೆಗೆದುಹಾಕಿ, "ಸ್ವಾಮಿ, ಇಷ್ಟೇ ಸಾಕಾಗಿತ್ತು" ಎಂದನು. ನಮಗೆ ನಾಚಿಕೆಯಾಯಿತು.

ಗೃಹಸ್ಥರು ಮುಂಗಾರಿಗೆ ಮುನ್ನ ಒಮ್ಮೆ ಮಾಳಿಗೆಯನ್ನೇರಬೇಕು. ಊರ ಗುಡಿಯ ಮಾಳಿಗೆಯನ್ನೂ ಶುಚಿಮಾಡಿಸಬೇಕು. ಕೀರ್ತಿಮುಖನು ಬಾಗಿಲನ್ನು ಕಾಯುವನು. ನೀರಿನ ದಾರಿಯನ್ನು ಕಾಯುವುದು ನಮ್ಮ ಪಾಲಿನ ಕೆಲಸ.