ಎಂಸಿಬಿ ಬಿದ್ದರೆ ಮೊದಲು ವೈರ್ ನೋಡಿ



ದೆಹಲಿಯಲ್ಲಿ ಮೇ-ಜೂನ್ ಬಂತೆಂದರೆ ನಮ್ಮವರು ಎಲ್ಲಿ ಸಿಕ್ಕರೂ ಒಂದೇ ಮಾತು: "ಮಧ್ಯಾಹ್ನ ರಶ್ ಹೊತ್ತಿಗೇ ಎಂಸಿಬಿ ಬೀಳುತ್ತದೆ." ಎಲೆಕ್ಟ್ರಿಷಿಯನ್ ಬರುತ್ತಾನೆ, 32 ಆಂಪ್‌ನದು ತೆಗೆದು 63 ಆಂಪ್‌ನದು ಕೂರಿಸಿ ಹೋಗುತ್ತಾನೆ. ಆಮೇಲೆ ಬೀಳುವುದಿಲ್ಲ, ನಮಗೂ ಸಮಾಧಾನ. ಆದರೆ ಅಂದಿನಿಂದ ಗೋಡೆಯೊಳಗಿನ ವೈರ್‌ಗೆ ಕಾವಲುಗಾರನೇ ಇಲ್ಲದಂತಾಯಿತು. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕೆಂದು ಈ ಲೇಖನ.

ಎಂಸಿಬಿ ಇರುವುದು ಗ್ರೈಂಡರನ್ನು ಕಾಯಲು ಎಂದು ಅನೇಕರು ತಿಳಿದಿದ್ದಾರೆ. ಮುಖ್ಯವಾಗಿ ಅದು ಕಾಯುವುದು ವೈರನ್ನು. ನಿಯಮ ಸುಲಭ. ಯಂತ್ರಗಳು ಎಳೆಯುವ ಕರೆಂಟಿಗಿಂತ ಎಂಸಿಬಿ ಕಡಿಮೆ ಇರಬಾರದು. ವೈರ್ ತಾಳುವ ಶಕ್ತಿಗಿಂತ ಎಂಸಿಬಿ ಹೆಚ್ಚಿರಬಾರದು. ಕರೆಂಟ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಸಣ್ಣ ವೈರಿನ ಮೇಲೆ ದೊಡ್ಡ ಎಂಸಿಬಿ ಹಾಕಿದರೆ, ಇನ್ಸುಲೇಶನ್ ಕರಗುತ್ತಿದ್ದರೂ ಎಂಸಿಬಿ ಸುಮ್ಮನೆ ಕೂತಿರುತ್ತದೆ.

ಬೇಸಿಗೆಯಲ್ಲೇ ಯಾಕೆ ಬೀಳುತ್ತದೆ?

ಎ.ಸಿ., ಫ್ರೀಜರ್ ಹೆಚ್ಚು ಓಡುವುದು ಒಂದು ಕಾರಣ. ಇನ್ನೊಂದು ಕಾರಣ ಬಿಸಿ. ಮಾಮೂಲು ಎಂಸಿಬಿಯ ಮೇಲೆ ಬರೆದ ಆಂಪ್ 30 ಡಿಗ್ರಿ ಸೆಲ್ಸಿಯಸ್ ಲೆಕ್ಕದ್ದು. ಅಡುಗೆಮನೆಯ ಡಬ್ಬಿಯೊಳಗೆ 50 ಡಿಗ್ರಿ ಇದ್ದರೆ ಅದು ಬೇಗ ಬೀಳುತ್ತದೆ. ಅದೇ ಬಿಸಿಯಲ್ಲಿ ವೈರ್ ತಾಳುವ ಶಕ್ತಿಯೂ ಇಳಿಯುತ್ತದೆ. ಪಿವಿಸಿ ವೈರ್ 70 ಡಿಗ್ರಿವರೆಗೆ ಮಾತ್ರ. ಸುತ್ತಲೂ 50 ಡಿಗ್ರಿ ಇದ್ದರೆ, 30 ಡಿಗ್ರಿಯಲ್ಲಿ 100 ಆಂಪ್ ತಾಳುವ ವೈರ್ 71 ಆಂಪ್ ಮಾತ್ರ ತಾಳುತ್ತದೆ. ಅಂದರೆ ಎಂಸಿಬಿ ಹೇಳುವುದು ಸುಳ್ಳಲ್ಲ.

ಒಂದು ಲೆಕ್ಕ ನೋಡೋಣ. ಅಡುಗೆಮನೆಯ ಲೋಡ್ 15 ಕಿಲೋವಾಟ್, ತ್ರೀ ಫೇಸ್ ಎಂದುಕೊಳ್ಳಿ. ತ್ರೀ ಫೇಸ್‌ನಲ್ಲಿ ಕಿಲೋವಾಟಿಗೆ ಸುಮಾರು 1.7 ಆಂಪ್, ಸಿಂಗಲ್ ಫೇಸ್‌ನಲ್ಲಿ ಸುಮಾರು 5 ಆಂಪ್. ಇಲ್ಲಿ 25-26 ಆಂಪ್ ಆಯಿತು, 32ರ ಎಂಸಿಬಿ ಸರಿ. 30 ಡಿಗ್ರಿಯ ಪಟ್ಟಿಯಲ್ಲಿ ಪೈಪಿನೊಳಗಿನ 6 ಸ್ಕ್ವೇರ್ ಎಂ.ಎಂ. ತಾಮ್ರದ ವೈರಿಗೆ 36 ಆಂಪ್ ಎಂದಿದೆ, ಸಾಕೆನಿಸುತ್ತದೆ. ಆದರೆ 50 ಡಿಗ್ರಿ ಬಿಸಿಗೆ 0.71, ಅದೇ ಪೈಪಿನಲ್ಲಿ ಇನ್ನೊಂದು ಸರ್ಕ್ಯೂಟ್ ಇದ್ದರೆ 0.80ರಿಂದ ಗುಣಿಸಬೇಕು. 36 ಆಂಪ್ 20ಕ್ಕೆ ಇಳಿಯಿತು! ಇಲ್ಲಿ ಬೇಕಾದದ್ದು 16 ಸ್ಕ್ವೇರ್ ಎಂ.ಎಂ. ವೈರನ್ನು ಅಡುಗೆಮನೆಯ ಹೊರಗಿನಿಂದ ತಂದು, ಬೇರೆ ಪೈಪಿನಲ್ಲಿ ಎಳೆದರೆ ಇಷ್ಟು ದಪ್ಪ ಬೇಕಾಗದು. ಒಳ್ಳೆಯ ಕಾಂಟ್ರಾಕ್ಟರ್ ಈ ಲೆಕ್ಕ ಬರೆದು ಕೊಡುತ್ತಾನೆ. ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043, ಪಿವಿಸಿ ವೈರಿಗೆ ಐಎಸ್ 694 ಎಂದು ಭಾರತೀಯ ಮಾನಕಗಳಿವೆ. ಕೊಟೇಶನ್‌ನಲ್ಲಿ ಈ ನಂಬರುಗಳನ್ನು ಬರೆಸಿಕೊಳ್ಳಿ.

ಎಂಸಿಬಿಗೆ ಕಾಣದ ಶತ್ರು

ಲೂಸ್ ಕನೆಕ್ಷನ್ ಎಂಸಿಬಿಗೆ ಕಾಣುವುದಿಲ್ಲ. ಕರೆಂಟ್ ಹೆಚ್ಚಾಗುವುದಿಲ್ಲ, ಆದರೆ ಆ ಜಾಗ ಮಾತ್ರ ಕೆಂಡದಂತೆ ಕಾಯುತ್ತದೆ. 1997ರ ಜೂನ್ 13ರಂದು ದೆಹಲಿಯ ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡರು. ಆ ದಿನ ಬೆಳಿಗ್ಗೆ ಅಲ್ಲಿನ ಟ್ರಾನ್ಸ್‌ಫಾರ್ಮರಿನ ಕೇಬಲ್ ಕೆಟ್ಟು ರಿಪೇರಿಯಾಗಿತ್ತು. ಕೇಬಲ್ ಸಾಕೆಟ್ಟನ್ನು ಕ್ರಿಂಪಿಂಗ್ ಮೆಷಿನ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಸಂಜೆ ಹೊತ್ತಿಗೆ ಅದೇ ಕೇಬಲ್ ಕಳಚಿ ಕಿಡಿ ಹಾರಿತು, ಎಣ್ಣೆಗೆ ಬೆಂಕಿ ಬಿತ್ತು. ಮೇಲಿದ್ದವರು ಸತ್ತದ್ದು ಹೊಗೆಯಿಂದ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನರನ್ನು ಬಲಿ ತೆಗೆದುಕೊಂಡ ಹೊಗೆ ಬಂದದ್ದು ಎಲೆಕ್ಟ್ರಿಕ್ ಡಕ್ಟ್‌ನಿಂದ. 2019ರ ಫೆಬ್ರುವರಿ 12ರಂದು ನಮ್ಮ ಕರೋಲ್ ಬಾಗ್‌ನ ಅರ್ಪಿತ್ ಪ್ಯಾಲೇಸ್ ಹೋಟೆಲಿನಲ್ಲಿ 17 ಜನ ಹೋದರು. ಶಾರ್ಟ್ ಸರ್ಕ್ಯೂಟ್ ಇರಬಹುದೆಂದು ಮೊದಲ ಹಂತದಲ್ಲಿ ಹೇಳಿದ್ದರು. ಓಡಾಡುವ ದಾರಿಯಲ್ಲಿದ್ದ ಮರದ ಪ್ಯಾನೆಲ್‌ಗಳು ಬೆಂಕಿ ಹರಡಲು ದಾರಿ ಮಾಡಿದವು. ಆದ್ದರಿಂದ ಮೇನ್ ಬೋರ್ಡಿನ ಮುಂದೆ ಪ್ಲೈವುಡ್ ಡೆಕೊರೇಶನ್, ಅದರ ಕೆಳಗೆ ಎಣ್ಣೆ ಡಬ್ಬ, ಖಾಲಿ ರಟ್ಟಿನ ಪೆಟ್ಟಿಗೆ ಇಡುವ ಅಭ್ಯಾಸ ಇವತ್ತೇ ಬಿಡಬೇಕು.

ಲೋಡ್ ಹೆಚ್ಚಿಸಿದರೆ ಮುಗಿಯಿತೇ?

ಇಲ್ಲ. ದೆಹಲಿಯಲ್ಲಿ ಬಿಎಸ್‌ಇಎಸ್ ಅಥವಾ ಟಾಟಾ ಪವರ್, ಗುರುಗ್ರಾಮದಲ್ಲಿ ಡಿಎಚ್‌ಬಿವಿಎನ್, ಯಾರೇ ಆಗಲಿ, ಸ್ಯಾಂಕ್ಷನ್ಡ್ ಲೋಡ್ ಹೆಚ್ಚಿಸಿ ಕೊಟ್ಟರೂ ಮೀಟರಿನಿಂದ ಈಚೆಗಿನ ವೈರ್ ತಾನಾಗಿ ದಪ್ಪವಾಗುವುದಿಲ್ಲ. ಅದು ನಮ್ಮ ಜವಾಬ್ದಾರಿ. ಬಾಡಿಗೆ ಕಟ್ಟಡವಾದರೆ ವೈರಿಂಗ್ ಖರ್ಚು ಯಾರದ್ದೆಂದು ಅಗ್ರಿಮೆಂಟಿನಲ್ಲೇ ಬರೆಸಿ. ಹಿಂದೆ ಬಟ್ಟೆ ಅಂಗಡಿ ಇದ್ದ ಜಾಗದ ವೈರ್ ನಮ್ಮ ಇಡ್ಲಿ-ದೋಸೆ ಅಡುಗೆಮನೆಗೆ ಸಾಲುವುದು ಅಪರೂಪ.

ಮಾರ್ಚ್ ತಿಂಗಳೊಳಗೆ ಮಾಡಬೇಕಾದ್ದು ಇಷ್ಟು:

1. ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನು ಮಧ್ಯಾಹ್ನ ಊಟದ ರಶ್‌ನಲ್ಲೇ ಕರೆಸಿ, ಟಾಂಗ್ ಟೆಸ್ಟರ್‌ನಲ್ಲಿ ಮೂರು ಫೇಸ್ ಮತ್ತು ನ್ಯೂಟ್ರಲ್ ಅಳೆಸಿ, ಬರೆದಿಡಿ. ಒಂದೇ ಫೇಸ್ ಮೇಲೆ ಭಾರ ಬಿದ್ದಿದ್ದರೆ ಹಂಚಿಸಿ.

2. ಮೇನ್ ಆಫ್ ಮಾಡಿಸಿ ಎಲ್ಲಾ ಸ್ಕ್ರೂ ಬಿಗಿ ಮಾಡಿಸಿ. ಕಪ್ಪಾದ ಟರ್ಮಿನಲ್, ಸುಟ್ಟ ವಾಸನೆ ಇದ್ದಲ್ಲಿ ಬದಲಾಯಿಸಿ. ಅಲ್ಯೂಮಿನಿಯಂ ಕೇಬಲ್ ತಾಮ್ರಕ್ಕೆ ಸೇರುವಲ್ಲಿ ಬೈಮೆಟಲ್ ಲಗ್ ಹಾಕಿಸಿ, ಕ್ರಿಂಪ್ ಮಾಡಿಸಿ.

3. ನೀರು ಬಳಸುವ ಜಾಗದ ಗ್ರೈಂಡರ್, ಡಿಶ್‌ವಾಷರ್ ಲೈನುಗಳಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ ಇರಲಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಎಂಸಿಬಿ ವೈರನ್ನು ಕಾಯುತ್ತದೆ, ನಮ್ಮ ಹುಡುಗರ ಜೀವ ಕಾಯುವುದು ಇದು.

4. ಹೊಸ ಯಂತ್ರ ಕೊಳ್ಳುವಾಗ ಅದರ ಬೆಲೆಯ ಜೊತೆಗೆ ವೈರಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಅನೇಕ ಹೋಟೆಲುಗಳಲ್ಲಿ ರಾತ್ರಿ ಶಟರ್ ಎಳೆದ ಮೇಲೆ ಊರಿನಿಂದ ಬಂದ ಹುಡುಗರು ಒಳಗೇ ಮಲಗುತ್ತಾರೆ. ಫ್ರೀಜರ್ ಮಾತ್ರ ಓಡುತ್ತಿರುತ್ತದೆ. ಅವರ ತಂದೆ-ತಾಯಿ ನಮ್ಮನ್ನು ನಂಬಿ ಕಳಿಸಿದ್ದಾರೆ. ಮುಂದಿನ ಸಲ ಯಾರಾದರೂ "ದೊಡ್ಡ ಎಂಸಿಬಿ ಹಾಕಿಬಿಡೋಣ ಸಾರ್" ಎಂದರೆ, "ಮೊದಲು ವೈರ್ ಎಷ್ಟು ಎಂ.ಎಂ. ಇದೆ ಹೇಳು" ಎಂದು ಕೇಳಿ.