ದೀಪದ ಮೇಲೊಂದು ಮರೆ

ಎಳ್ಳಮಾವಾಸ್ಯೆಯ ದಿನ ನಮ್ಮ ಭಾಗದ ರೈತರು ಮನೆಯಲ್ಲಿ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿನ ನಡುವೆ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ತಾವು ಉಣ್ಣುತ್ತಾರೆ. 2024ರ ಡಿಸೆಂಬರ್ 30ರಂದು ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ ಆ ಊಟ ಮುಗಿಸಿದ ನಾನು ಮಾತ್ರ ಸಂಜೆಯಾದರೂ ಹೊಲ ಬಿಟ್ಟು ಏಳಲಿಲ್ಲ. ಅಮಾವಾಸ್ಯೆಯ ಆಕಾಶವನ್ನು ನೋಡಲು ಗೆಳೆಯರಾದ ಮಾಸ್ತರರು ಬರುವವರಿದ್ದರು.

ಮಾಸ್ತರರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಆರಿಂಚಿನ ದೂರದರ್ಶಕದ ಕನ್ನಡಿ ಅಂಗಡಿಯದಲ್ಲ. ಗಾಜಿನ ಬಿಲ್ಲೆಯನ್ನು ತಿಂಗಳುಗಟ್ಟಲೆ ತಿಕ್ಕಿ ಅವರೇ ಅದಕ್ಕೆ ರೂಪ ಕೊಟ್ಟಿದ್ದಾರೆ. ಕೊಳವೆ ಕೂಡ ನೀರಿನ ಪ್ಲಾಸ್ಟಿಕ್ ಪೈಪು. ನನ್ನದು ಕೊಂಡು ತಂದ ಚಿಕ್ಕ ಯಂತ್ರ. ಎರಡನ್ನೂ ಬದುವಿನ ಬಳಿ ನಿಲ್ಲಿಸುವಷ್ಟರಲ್ಲಿ ಪಡುವಣದಲ್ಲಿ ಶುಕ್ರ ಬೆಳಗತೊಡಗಿತ್ತು. ಅದರ ಮೇಲುಗಡೆ ಮಂದವಾಗಿ ಶನಿ.

ಅಷ್ಟರಲ್ಲಿ ಇನ್ನೊಂದು ದೀಪ ಹೊತ್ತಿಕೊಂಡಿತು. ಹೊಲದ ಹಾದಿ ಊರೊಳಗೆ ತಿರುಗುವಲ್ಲಿನ ಕಂಬದ ಎಲ್‌ಇಡಿ ದೀಪ. ಅದರ ಬಿಳಿ ಬೆಳಕು ಹಾದಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೇ ಬೀಳುತ್ತಿತ್ತು. ‘ಒಂದು ತಾಸು ಇದನ್ನು ಆರಿಸುವಂತಿದ್ದರೆ!’ ಎಂದೆ. ಪಕ್ಕದ ಹೊಲದಿಂದ ಮೊಮ್ಮಕ್ಕಳೊಂದಿಗೆ ಬಂದು ನಿಂತಿದ್ದ ಆಯಿ ಅದನ್ನು ಕೇಳಿಸಿಕೊಂಡರು.

‘ಈ ದೀಪ ಬರೋ ಸಲುವಾಗಿ ಎಷ್ಟು ವರ್ಷ ಕಾದೀವಿ, ನಿನಗ ಗೊತ್ತದ ಏನಪ್ಪಾ? ಹಾವು ಚೇಳಿನ ನಡುವ ಹಾದಿ ನಡದೋರು ನಾವು.’

ನನ್ನ ಬಳಿ ಉತ್ತರವಿರಲಿಲ್ಲ. ನನಗೆ ಕತ್ತಲು ಒಂದು ಸಂಜೆಯ ಹವ್ಯಾಸ. ಆಯಿಗೆ ಅದು ಅರ್ಧ ಆಯುಷ್ಯದ ಅಂಜಿಕೆ. ಹಿಂದುಳಿದ ಪ್ರದೇಶವೆಂದು ದಶಕಗಳಿಂದ ಕರೆಸಿಕೊಂಡ ಈ ನಾಡಿನಲ್ಲಿ ದೀಪದ ಕಂಬವೊಂದು ಅಭಿವೃದ್ಧಿಯ ಗುರುತಾದುದರಲ್ಲಿ ಆಶ್ಚರ್ಯವೇನಿದೆ? ಮಾಸ್ತರರು ವಾದಕ್ಕೆ ಇಳಿಯಲಿಲ್ಲ. ಎರಡು ಗಳ ನೆಟ್ಟು, ಟ್ರ್ಯಾಕ್ಟರಿನ ತಾಡಪತ್ರಿಯನ್ನು ನಮಗೂ ದೀಪಕ್ಕೂ ನಡುವೆ ಕಟ್ಟಿದರು. ಹಾದಿಯ ಮೇಲಿನ ಬೆಳಕು ಹಾಗೆಯೇ ಉಳಿಯಿತು. ನಮ್ಮ ಕಣ್ಣಿಗೆ ಕತ್ತಲು ದಕ್ಕಿತು. ಕಾಲು ತಾಸಿನಲ್ಲಿ ಆಕಾಶ ತುಂಬಿಕೊಂಡಿತು.

ಮೊದಲು ಶನಿಯನ್ನು ತೋರಿಸಿದೆವು. ಆ ದಿನಗಳಲ್ಲಿ ಅದರ ಬಳೆ ಭೂಮಿಯ ಕಡೆಗೆ ಹೆಚ್ಚುಕಡಿಮೆ ಅಂಚನ್ನೇ ತಿರುಗಿಸಿತ್ತು. ಮುಂದೆ 2025ರ ಮಾರ್ಚ್‌ನಲ್ಲಿ ಭೂಮಿ ಆ ಬಳೆಯ ಸಮತಲವನ್ನೇ ದಾಟಿತು. ಸೂರ್ಯನನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕಾಗುವ ಶನಿಯ ಬಳೆ ಹೀಗೆ ತೆಳುವಾಗುವುದು ಹೆಚ್ಚುಕಡಿಮೆ 15 ವರ್ಷಕ್ಕೊಮ್ಮೆ. ಚಿಕ್ಕ ಬಿಂಬಕ್ಕೆ ಸೂಜಿ ಚುಚ್ಚಿದಂತೆ ಕಂಡ ಅದನ್ನು ಬಹಳ ಹೊತ್ತು ನೋಡಿದ ಆಯಿ, ‘ಶನಿ ಅಂದ್ರ ಜಲ್ಮೆಲ್ಲ ಅಂಜೀವಿ. ಇಷ್ಟೇ ಅದಾನೇನು?’ ಎಂದರು. ಮಕ್ಕಳು ನಕ್ಕರು.

ಮೂಡಣದಲ್ಲಿ ಗುರು ಏರಿತ್ತು. ಅದರ ಹತ್ತಿರವೇ ಕೆಂಪಗಿದ್ದ ನಕ್ಷತ್ರವನ್ನು ತೋರಿಸಿ ಮಾಸ್ತರರು ‘ಇದು ರೋಹಿಣಿ’ ಎಂದರು. ‘ಮಳಿ ರೋಹಿಣಿನಾ?’ ಎಂದು ಆಯಿ ಬೆರಗಾದರು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಲೆಕ್ಕ ಬಾಯಲ್ಲೇ ಇರುವ ಅವರು ಆ ಹೆಸರಿನ ನಕ್ಷತ್ರವನ್ನು ಗುರುತಿಸಿ ನೋಡಿರಲಿಲ್ಲ. ಕಾರಣ ಸರಳ. ಸೂರ್ಯ ರೋಹಿಣಿಯ ನೆರೆಯಲ್ಲಿರುವ ಮೇ ಕೊನೆ, ಜೂನ್ ಮೊದಲಿನ ದಿನಗಳಿಗೇ ನಾವು ರೋಹಿಣಿ ಮಳೆ ಎನ್ನುವುದು. ಆಗ ನಕ್ಷತ್ರ ಸೂರ್ಯನೊಂದಿಗೇ ಮುಳುಗಿ ಏಳುತ್ತದೆ. ಮಳೆ ಬರುವಾಗ ಕಾಣದ ರೋಹಿಣಿ ಚಳಿಗಾಲದ ಸಂಜೆಗೆ ಬಂದು ನಿಲ್ಲುತ್ತದೆ. ಬಿತ್ತನೆಯ ಪಂಚಾಂಗವನ್ನು ಆಕಾಶದಿಂದ ಓದಿದ ಹಿರಿಯರಿಗೆ ಈ ಕತ್ತಲೇ ಪಾಠಶಾಲೆಯಾಗಿತ್ತು.

ಅದರ ಕೆಳಗೆ ಮಹಾವ್ಯಾಧ. ಅವನ ಸೊಂಟಪಟ್ಟಿಯಿಂದ ಇಳಿಬಿದ್ದ ಖಡ್ಗದಲ್ಲಿ ಮಬ್ಬು ಮೋಡದಂತಹ ನೀಹಾರಿಕೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತಾಣ. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 1,300 ವರ್ಷ ಬೇಕು. ಆಯಿಯ ಕಣ್ಣಿಗೆ ಬಿದ್ದ ಆ ಬೆಳಕು ಹೊರಟಾಗ ಈ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಅಷ್ಟು ದೂರ ಬಂದ ಬೆಳಕು ಕೊನೆಯ ನೂರು ಅಡಿಯಲ್ಲಿ ಒಂದು ಬೀದಿದೀಪಕ್ಕೆ ಸೋಲುತ್ತದೆ.

ಈ ಸೋಲು ಹೊಸದಲ್ಲ. ಅಂದೋಲಾ 1948ರವರೆಗೆ ಸೇರಿದ್ದುದು ನಿಜಾಮರ ಸಂಸ್ಥಾನಕ್ಕೆ. ರಾಜಧಾನಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಆಕಾಶದ ಛಾಯಾಚಿತ್ರಗಳಿಂದ ನಕ್ಷತ್ರಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಪಾಲುಗೊಂಡಿತ್ತು. 1960ರ ದಶಕದಲ್ಲಿ 48 ಇಂಚಿನ ದೂರದರ್ಶಕವನ್ನು ಸ್ಥಾಪಿಸುವ ಹೊತ್ತಿಗೆ ನಗರ ಬಿಟ್ಟು ರಂಗಾಪುರವೆಂಬ ಹಳ್ಳಿಗೆ ಹೋಗಬೇಕಾಯಿತು. 2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಮನುಕುಲದ ಶೇ 80ಕ್ಕೂ ಹೆಚ್ಚು ಮಂದಿ ಕೃತಕ ಬೆಳಕಿನಿಂದ ಮಸುಕಾದ ಆಕಾಶದ ಕೆಳಗೆ ಬದುಕುತ್ತಿದ್ದಾರೆ. ಮೂರರಲ್ಲಿ ಒಬ್ಬರಿಗೆ ಆಕಾಶಗಂಗೆಯೇ ಕಾಣುವುದಿಲ್ಲ. ಅಂದೋಲಾದ ಉತ್ತರದ ಅಂಚಿನಲ್ಲಿಯೂ ಆ ರಾತ್ರಿ ಕಲಬುರಗಿಯ ಕಡೆಯ ಮಂಜುಬೆಳಕು ಕಾಣುತ್ತಿತ್ತು.

ಹಾಗೆಂದು ಹಳ್ಳಿಗಳು ಕತ್ತಲಲ್ಲೇ ಇರಲಿ ಎಂದು ನಾನು ಹೇಳಲಾರೆ. ಆಯಿಯ ಮಾತು ಕೇಳಿದ ಮೇಲಂತೂ ಆ ಧೈರ್ಯವಿಲ್ಲ. ಆದರೆ ದೀಪ ಬೇಕಾಗಿರುವುದು ನೆಲಕ್ಕೆ, ಆಕಾಶಕ್ಕಲ್ಲ. ಮೇಲಕ್ಕೂ ಪಕ್ಕಕ್ಕೂ ಚೆಲ್ಲುವ ಬೆಳಕು ಯಾರ ಹಾದಿಯನ್ನೂ ಕಾಯುವುದಿಲ್ಲ, ಅದರ ವಿದ್ಯುತ್ತಿಗೆ ಮಾತ್ರ ನಾವು ಹಣ ಕಟ್ಟುತ್ತೇವೆ. ದೀಪದ ಮೇಲೊಂದು ಮರೆ, ಕೆಳಮುಖವಾದ ಕೂರಿಸುವಿಕೆ, ಕಣ್ಣು ಕುಕ್ಕುವ ಬಿಳಿಯ ಬದಲು ಹಳದಿ ಛಾಯೆ. ಹೊಸ ಕಂಬ ನೆಡುವಾಗ ಗ್ರಾಮ ಪಂಚಾಯಿತಿಗಳು ಇಷ್ಟನ್ನು ನೋಡಿಕೊಂಡರೆ ಸಾಕು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ 1,073 ಚದರ ಕಿಲೊಮೀಟರ್ ಪ್ರದೇಶವನ್ನು ‘ಕತ್ತಲಾಕಾಶ ಮೀಸಲು’ ಎಂದು ಘೋಷಿಸಿದಾಗ ಊರವರ ದೀಪ ಕಿತ್ತುಕೊಳ್ಳಲಿಲ್ಲ, ಅದಕ್ಕೆ ಮರೆ ಕಟ್ಟಲಾಯಿತು. ಅಲ್ಲಿನ ಯುವಜನರು ದೂರದರ್ಶಕ ಹಿಡಿದು ಪ್ರವಾಸಿಗರಿಗೆ ಆಕಾಶ ತೋರಿಸುತ್ತಿದ್ದಾರೆ.

ಒಂಬತ್ತು ಗಂಟೆಗೆ ತಾಡಪತ್ರಿ ಬಿಚ್ಚಿದೆವು. ಆಯಿ ಅದೇ ದೀಪದ ಬೆಳಕಿನಲ್ಲಿ ಹಾದಿ ನೋಡಿಕೊಂಡು ಮನೆಯತ್ತ ನಡೆದರು. ಕಂಬದ ಬಳಿ ನಿಂತು, ಮಾಸ್ತರರು ಆಗ ತಾನೇ ತೋರಿಸಿದ್ದ ಕೃತ್ತಿಕೆಯ ಗೊಂಚಲನ್ನು ಮೊಮ್ಮಗಳಿಗೆ ತೋರಿಸಲು ಕೈಯೆತ್ತಿದರು. ಸಿಗಲಿಲ್ಲ. ಒಮ್ಮೆ ಆಕಾಶವನ್ನೂ ಒಮ್ಮೆ ದೀಪವನ್ನೂ ನೋಡಿ ಕೇಳಿದರು:

‘ಮಾಸ್ತರ, ಇದಕ್ಕೊಂದು ಮರೆ ಮಾಡ್ಸಾಕ ಎಷ್ಟು ರೊಕ್ಕ ಬೀಳ್ತದ?’