ಚಳಿಗಾಲದಲ್ಲಿ ಹಾವು ಏಕೆ ಉಣ್ಣುವುದಿಲ್ಲ? ಕಟಾವಿನ ಕಾಲದಲ್ಲಿ ಸಭಾಸದರು ತಿಳಿದಿರಬೇಕಾದ ಸಂಗತಿ



ಕಬ್ಬು ನುರಿಸುವ ಹಂಗಾಮು ಆರಂಭವಾಗುವುದೂ ಚಳಿ ಬೀಳುವುದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಈ ದಿನಗಳಲ್ಲಿ ಕಬ್ಬಿನ ಫಡದಲ್ಲಿ ರವದಿ ಎತ್ತಿದಾಗ ಸುರುಳಿ ಸುತ್ತಿ ಮಲಗಿದ ಹಾವು ಕಣ್ಣಿಗೆ ಬೀಳುವುದುಂಟು. ಸಪ್ಪಳ ಮಾಡಿದರೂ ಅದು ಬೇಗ ಸರಿಯುವುದಿಲ್ಲ. ಉಪವಾಸ ಬಿದ್ದು ಸೊರಗಿದೆಯೆಂದು ಕೆಲವರು ಹಾಲು, ಮೊಟ್ಟೆ ಇಡುತ್ತಾರೆ. ಸೋತ ಹಾವು ಏನು ಮಾಡೀತೆಂದು ಕೆಲವರು ಕೈಯಿಂದಲೇ ಸರಿಸಲು ಹೋಗುತ್ತಾರೆ. ಎರಡೂ ತಪ್ಪು. ಏಕೆಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ಹಸಿವು ಅಡಗುವುದೇಕೆ?

ಎತ್ತು, ಎಮ್ಮೆ, ಮನುಷ್ಯ, ಎಲ್ಲರೂ ತಿಂದ ಆಹಾರದ ಬಹುಪಾಲನ್ನು ಮೈ ಬೆಚ್ಚಗಿಡಲು ಖರ್ಚು ಮಾಡುತ್ತೇವೆ. ಹಾವಿಗೆ ಈ ಖರ್ಚಿಲ್ಲ. ಅದು ಬಿಸಿಲಿನಿಂದಲೂ ಕಾದ ಕಲ್ಲು ಮಣ್ಣಿನಿಂದಲೂ ಬಿಸಿ ಪಡೆಯುತ್ತದೆ. ಆದ್ದರಿಂದ ಒಮ್ಮೆ ಇಲಿ ನುಂಗಿದ ಕೇರೆ ಹಾವು ಹಲವು ದಿನ ಆಹಾರವಿಲ್ಲದೆ ಇರಬಲ್ಲದು. ಆದರೆ ಹಾವು ಅಗಿಯುವುದಿಲ್ಲ. ಇಡೀ ಇಲಿ ಹೊಟ್ಟೆಯಲ್ಲಿಯೇ ಕರಗಬೇಕು. ಅದಕ್ಕೆ ಬಿಸಿ ಬೇಕು. ಮೈ ತಣ್ಣಗಾದರೆ ಜೀರ್ಣಕ್ರಿಯೆ ನಿಂತು, ನುಂಗಿದ್ದು ಹೊಟ್ಟೆಯಲ್ಲಿ ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕಬೇಕು, ಇಲ್ಲವೆ ಸಾಯಬೇಕು. ಆದಕಾರಣ ಚಳಿಯಲ್ಲಿ ಹಸಿವು ಅಡಗುವುದನ್ನು ರೋಗವೆನ್ನಲಾಗದು. ಅದು ಹಾವಿನ ಪ್ರಾಣರಕ್ಷಣೆಯ ಉಪಾಯ. ಪೊರೆ ಬಿಡುವ ಮುನ್ನವೂ ಅದು ಹೀಗೆಯೇ ಆಹಾರ ಬಿಡುತ್ತದೆ.

ಅಮೆರಿಕ, ಯುರೋಪುಗಳಲ್ಲಿ ಹಾವು ಸಾಕುವವರು ಇದನ್ನು ಚೆನ್ನಾಗಿ ಬಲ್ಲರು. ಕಾರ್ನ್ ಸ್ನೇಕ್ ಎಂಬುದು ಇಲಿ ತಿನ್ನುವ, ವಿಷವಿಲ್ಲದ ಅಮೆರಿಕದ ಹಾವು. ಅದರ ಮರಿ ಮಾಡಿಸುವವರು ಚಳಿಗಾಲದಲ್ಲಿ ಎರಡು ಮೂರು ತಿಂಗಳು ಅದನ್ನು ತಂಪಿನಲ್ಲಿಡುತ್ತಾರೆ. ಅದಕ್ಕೆ ಸುಮಾರು 2 ವಾರ ಮೊದಲೇ ಆಹಾರ ನಿಲ್ಲಿಸಿ, ಹೊಟ್ಟೆ ಖಾಲಿಯಾಗಲು ಬಿಡುತ್ತಾರೆ. ನೀರು ಮಾತ್ರ ಇಡುತ್ತಾರೆ. ನಮ್ಮ ದೇಶದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಂತೆ ನಾಗರಹಾವು, ಕೇರೆ ಮುಂತಾದ ನಾಡ ಹಾವುಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ. ಹಾಲಂತೂ ಯಾವ ಹಾವಿನ ಆಹಾರವೂ ಅಲ್ಲ.

ನಮ್ಮ ಹೊಲದಲ್ಲಿ

ಹಿಮ ಬೀಳುವ ದೇಶಗಳಲ್ಲಿ ಹಾವು ತಿಂಗಳುಗಟ್ಟಲೆ ನೆಲದೊಳಗೆ ಇರುತ್ತದೆ. ನಮ್ಮ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಚಳಿ ಅಷ್ಟು ಕಡುವಲ್ಲ. ಇಲ್ಲಿಯ ಹಾವು ಪೂರ್ತಿ ನಿದ್ದೆ ಹೋಗದೆ ಮಂದವಾಗುತ್ತದೆ. ರಾತ್ರಿ ಇಲಿಯ ಬಿಲ, ಒಡ್ಡಿನ ಬಿರುಕು, ರವದಿಯ ರಾಶಿ ಸೇರುತ್ತದೆ. ಬಿಸಿಲೇರಿದ ಮೇಲೆ ಹೊರಬಂದು ಮೈ ಕಾಯಿಸುತ್ತದೆ. ಮರಾಠಿಯಲ್ಲಿ ಘೋಣಸ ಎನ್ನುವ ಕೊಳಕುಮಂಡಲ ಜೊತೆಗೂಡುವುದೂ ಚಳಿಗಾಲದಲ್ಲಿಯೇ. ಆಗ ಗಂಡು ಹೆಣ್ಣನ್ನು ಹುಡುಕುತ್ತ ತಿರುಗುತ್ತದೆ.

ಹಸಿವಿಲ್ಲದ ಹಾವಿಗೆ ವಿಷವೂ ಇಲ್ಲವೆಂದು ತಿಳಿಯಬೇಡಿರಿ. ಹಾವು ಮನುಷ್ಯನನ್ನು ಕಚ್ಚುವುದು ಹಸಿವಿಗಲ್ಲ, ಹೆದರಿಕೆಗೆ. ಮಂದವಾದ ಹಾವು ಓಡಿಹೋಗಲಾರದು. ಕಾಲು ಬಿದ್ದರೆ ಕಚ್ಚುವುದೊಂದೇ ಅದಕ್ಕೆ ಉಳಿದ ದಾರಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರ ವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು. ಇವರಲ್ಲಿ ಅರ್ಧದಷ್ಟು ಜನ ಸತ್ತದ್ದು ಜೂನ್‌ದಿಂದ ಸಪ್ಟೆಂಬರದೊಳಗೆ. ಉಳಿದ ಅರ್ಧ ಬೇರೆ ತಿಂಗಳುಗಳ ಲೆಕ್ಕ. ಕಟಾವಿನ ತಿಂಗಳುಗಳೂ ಅದರಲ್ಲಿ ಸೇರಿವೆ.

ಅನುಸರಿಸಬೇಕಾದ ಕ್ರಮಗಳು

1. ನಸುಕಿನ ಚಳಿಯಲ್ಲಿ ಹಾವು ಅತ್ಯಂತ ಮಂದ. ಬೆಳಕು ಹರಿಯದೆ ಕಟಾವು ಆರಂಭಿಸಬೇಡಿರಿ. ಕಾಲಿಗೆ ಬೂಟು ಇರಲಿ. ರವದಿಯನ್ನು ಮೊದಲು ಉದ್ದ ಕೋಲಿನಿಂದ ಸರಿಸಿರಿ. ಬಿಲದಲ್ಲಿ ಕೈ ಹಾಕಬೇಡಿರಿ.

2. ಹಾವು ಕಂಡರೆ ದೂರ ಸರಿದು, ಬಿಸಿಲೇರುವ ತನಕ ಆ ಜಾಗ ಬಿಟ್ಟು ಬೇರೆ ಸಾಲು ಹಿಡಿಯಿರಿ. ಮೈ ಕಾದ ಮೇಲೆ ಅದು ತಾನಾಗಿ ಹೋಗುತ್ತದೆ.

3. ರವದಿಗೆ ಬೆಂಕಿ ಹಚ್ಚಬೇಡಿರಿ. ಕುಳೆ ಕಬ್ಬಿನ ಸಾಲುಗಳ ನಡುವೆ ಹಾಸಿದರೆ ನೆಲದ ಹಸಿ ಉಳಿಯುತ್ತದೆ. ಬೆಂಕಿ ಬಿದ್ದರೆ ಮಂದವಾದ ಕೇರೆ ಹಾವು ಪಾರಾಗಲಾರದು. ಬೇಸಿಗೆಯಲ್ಲಿ ಇಲಿ ಹಿಡಿಯುವ ಆಳು ಹೋದಂತೆ.

4. ಚಳಿಗಾಲದಲ್ಲಿ ಇಲಿಗಳ ಕೆಲಸವನ್ನು ಹಾವಿಗೆ ಬಿಟ್ಟು ಕೂಡಬೇಡಿರಿ. ಒಡ್ಡಿನ ಕಸ ತೆಗೆದು ಸ್ವಚ್ಛವಾಗಿಡಿರಿ.

5. ಟೋಳಿಯ ಜನ ಕೊಪ್ಪಿಯಲ್ಲಿ ನೆಲದ ಮೇಲೆ ಮಲಗದಂತೆ ಮಂಚ, ಸೊಳ್ಳೆಪರದೆಯ ಏರ್ಪಾಡು ಮಾಡಿರಿ. ಮಣ್ಯಾರ ಎಂಬ ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ನೋವು ಗೊತ್ತಾಗದೆಯೂ ಇರಬಹುದು.

6. ಕಚ್ಚಿದರೆ ಕೊಯ್ಯಬೇಡಿರಿ, ಹೀರಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ, ಮಂತ್ರದವರ ಕಡೆ ಹೋಗಿ ಹೊತ್ತು ಕಳೆಯಬೇಡಿರಿ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಸರಕಾರಿ ದವಾಖಾನೆಗೆ ಒಯ್ಯಿರಿ. 108ಕ್ಕೆ ಫೋನು ಮಾಡಿರಿ. ನಾಗರಹಾವು, ಮಣ್ಯಾರ, ಘೋಣಸ, ಫುರಸೆ ಈ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್ ಇದೆ. ಯಾವ ಹಾವೆಂದು ಹುಡುಕುತ್ತ ನಿಲ್ಲುವುದು ಬೇಡ.

ಟೋಳಿಯಲ್ಲಿ ಮರಾಠವಾಡದಿಂದ ಬಂದವರು ಬಹಳ. ಅವರಿಗೆ ಈ ಪತ್ರಿಕೆ ಓದಲು ಬರುವುದಿಲ್ಲ. ನಾಳೆ ಅವರು ಫಡಕ್ಕೆ ಇಳಿಯುವ ಮೊದಲು ಇದಿಷ್ಟನ್ನೂ ಮರಾಠಿಯಲ್ಲಿ ತಿಳಿಸಿ ಹೇಳಬೇಕೆಂದು ವಿನಂತಿ.

ಕಬ್ಬು ಅಭಿವೃದ್ಧಿ ಅಧಿಕಾರಿ